ನಲವತ್ತೊಂದನೇ ಕಡ್ಡಿ

ತಲೆ ಸ್ವಲ್ಪ ಹಿಂದಕ್ಕೆ, ಉಸಿರು ಹಿಡೀರಿ.
ಹತ್ತಿ ಸುತ್ತಿದ ಕಡ್ಡಿ ಮೂಗಿನ ಹೊಳ್ಳೆಯಲ್ಲಿ
ಈ ಕಡೆ ಐದು ಸುತ್ತು, ಆ ಕಡೆ ಐದು.
ಸಿಸ್ಟರ್ ಎಸ್ತೇರಮ್ಮ ಸೀನಿ ಕ್ಷಮೆ ಕೇಳಿದರು.
ದೊಡ್ಡ ಸರ್ಜನ್ ಸಾಹೇಬರು
ವಾಚು ನೋಡುತ್ತಲೇ ಮೂಗು ಕೊಟ್ಟರು.
ಸುಟ್ಟಗಾಯದ ವಾರ್ಡು ಒರೆಸುವ ಝರೆಮ್ಮ
ಮೊದಲು ಸೆರಗಿನಿಂದ ಮೂಗು ಒರೆಸಿಕೊಂಡಳು:
"ನೀವು ನೋಡೋ ಜಾಗ, ಹೊಲಸ ಇರಬಾರದಲ್ರೀ."

ನಲವತ್ತು ಮೂಗು ಮುಗಿದು ಒಂದು ಕಡ್ಡಿ ಉಳಿಯಿತು.
ಫ್ರಿಜ್ಜಿನ ಸ್ಟೀಲ್ ಹಿಡಿಕೆಯಲ್ಲಿ
ಉದ್ದಕ್ಕೆ ಜಗ್ಗಿದ ನನ್ನ ಮುಖ ನೋಡಿಕೊಂಡು
ನನ್ನದೂ ತೆಗೆದೆ. ಹೆಸರಿಲ್ಲ, ಬರೀ ಸಂಖ್ಯೆ.

ಏಳನೇ ಹಾಸಿಗೆಯ ಮಶಾಕ,
ಭಾಲ್ಕಿ ಕಡೆಯ ಆಲೆಮನೆಯಲ್ಲಿ
ಕುದಿಯುವ ಬೆಲ್ಲ ಕಾಲಿಗೆ ಚೆಲ್ಲಿಕೊಂಡು ಬಂದವನು.
ಅವನ ಕೀವಿನ ತಟ್ಟೆಯಲ್ಲಿ ಔಷಧಿ ಬಿಲ್ಲೆ ಇಟ್ಟೆ.
ಸುತ್ತ ಬಯಲಾಗಬೇಕಿತ್ತು.
ಬಾಂದಗಲ್ಲು ಲೆಕ್ಕಿಸದ ಪಕ್ಕದ ಹೊಲದವನ ಹಾಗೆ
ಅದು ಬಿಲ್ಲೆಯ ಅಂಚಿಗೇ ಬಂದು ನಿಂತಿತ್ತು.

ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ,
ಎಲ್ಲರಿಗೂ ಗೊತ್ತಿತ್ತು.
ಝರೆಮ್ಮನ ಚಹಾದ ಗಿಲಾಸು
ನಮ್ಮವುಗಳ ಸಾಲಿನಿಂದ ಹೊರಟು
ಒಂದು ಮುಂಜಾನೆ ಕಿಟಕಿ ಕಟ್ಟೆಯ ಮೇಲಿತ್ತು.
ಇಟ್ಟವರಲ್ಲಿ ನಾನಿರಲಿಲ್ಲ.
ತೆಗೆದವರಲ್ಲೂ.

ಜೀನುಗಳನ್ನು ಕತ್ತರಿಸಿ, ಜೆಲ್ಲಿನ ಬಾವಿಗಳಲ್ಲಿ ಸುರಿದು
ಇಪ್ಪತ್ತು ತಾಸು ಕರೆಂಟು ಹರಿಸಿದೆವು.
ಲೈಟು ಹೋದಾಗೊಮ್ಮೆ ಜನರೇಟರಿಗೆ ಕೈ ಮುಗಿದೆವು.
ನೇರಳೆ ದೀಪದಡಿ ಕರಿಯ ಮೈಮೇಲೆ
ಬಿಳಿ ಗೆರೆ ಮೂಡಿದವು.
ನಮ್ಮ ಬೀದರಿನಲ್ಲಿ ಕಪ್ಪು ಲೋಹಕ್ಕೆ
ಬೆಳ್ಳಿ ತಂತಿ ಕೂರಿಸುವವರಿದ್ದಾರೆ, ಹೋಲಿಸಬಹುದಿತ್ತು.
ಹೋಲಿಸುವುದಿಲ್ಲ.
ಅದು ಬಗ್ಗಿ ಕೂತು ಮಾಡಿದ್ದು. ಇದು ನೋಡದೆ ಆದದ್ದು.

ಝರೆಮ್ಮನ ಮೂಗಲ್ಲಿ ಆ ಕುಲದ ಒಂದೂ ಬೆಳೆದಿರಲಿಲ್ಲ.
ದೊಡ್ಡ ಸಾಹೇಬರಲ್ಲಿತ್ತು, ಆದರೆ ಬೇರೆ ವಂಶ.
ಮಶಾಕನ ಪಕ್ಕಕ್ಕೆ ನಲವತ್ತೊಂದು:
ಹದಿಮೂರು ಗೆರೆ, ಹದಿಮೂರಕ್ಕೆ ಹದಿಮೂರು.
ಸ್ಕೇಲು ಇಟ್ಟು ನೋಡಿದೆ.
ಕನ್ನಡಕ ಒರೆಸಿ ಮತ್ತೆ ಇಟ್ಟೆ.

ಯಾರಿಂದ ಯಾರಿಗೆ ಅಂತ ಗೆರೆ ಹೇಳುವುದಿಲ್ಲ.
ಅವನಿಂದ ನನಗೋ, ನನ್ನಿಂದ ಅವನಿಗೋ,
ಇಬ್ಬರಿಗೂ ಯಾವುದೋ ಬಾಗಿಲ ಚಿಲಕದಿಂದಲೋ.
ಕೈಗವಸಿನ ಡಬ್ಬಿ ಖಾಲಿಯಿದ್ದ ಆ ಸೋಮವಾರ
"ಅಕ್ಕಾ, ಕಾಲು ಉಳೀತದಾ?" ಅಂದಿದ್ದ.
ಉತ್ತರ ಬರಲಿಲ್ಲ, ಕೈ ಹಿಡಿದಿದ್ದೆ.
ಅಷ್ಟೇ ನೆನಪು.

ವರದಿಯಲ್ಲಿ ಸಂಖ್ಯೆ ಸಾಕಿತ್ತು.
ನಲವತ್ತೊಂದರ ಮುಂದೆ ಪೆನ್ನು ಒತ್ತಿ ಬರೆದೆ:
ಜಗದೇವಿ ಬಿರಾದಾರ, ಲ್ಯಾಬ್ ಟೆಕ್ನಿಷಿಯನ್.

ಐದು ದಿನ ಮೂಗಿಗೆ ಮುಲಾಮು.
ಊಟದ ವಾಸನೆಯೂ ತಿಳಿಯಲಿಲ್ಲ.
ಮಶಾಕನಿಗೆ ಬೇರೆ ಸೂಜಿಮದ್ದು, ದುಬಾರಿಯದು.
ಕಾಲಿನ ಮಾತು ಇನ್ನೂ ಯಾರೂ ಎತ್ತಿಲ್ಲ.

ಆರನೆಯ ದಿನ ಕಿಟಕಿಗೆ ಹೋಗಿ
ಗಿಲಾಸನ್ನು ಸಾಲಿಗೆ ತರಲು ಕೈ ಚಾಚಿದೆ.
ಝರೆಮ್ಮ ಒರೆಸುವುದು ನಿಲ್ಲಿಸಲಿಲ್ಲ.
"ಇರ್ಲಿ ಬಿಡ್ರೀ ಬಾಯಾರ,
ಅಲ್ಲಿ ಗಾಳಿ ಚಲೋ ಬರ್ತದ."