ಜೋಡಿಯಾಗೇ ಹಾಕಬೇಕು

ರಾತ್ರಿ ನೆಟ್ಟಗೆ ನಿಲ್ಲಿಸಿ ಮಲಗಿದ್ದೆ.
ಬೆಳಿಗ್ಗೆ ನೋಡಿದರೆ ಎಡಗಾಲು ಮಡಿಸಿ
ಕಾಟನ್‌ಪೇಟೆಯ ಮೋರಿಗೆ ವಾಲಿ ಕೂತಿದೆ,
ಹಾಲು ಬತ್ತಿದ ಎಮ್ಮೆಯ ಹಾಗೆ.
"ಹುಲ್ಲು ಹಾಕಿ ಎಬ್ಬಿಸ್ರೀ ಅದನ್ನ" ಅಂದಳು ಪಂಕಜಾಕ್ಷಿ
ಮಹಡಿಯಿಂದ, ಬಟ್ಟೆ ಹಿಂಡುತ್ತ.

ಹುಟ್ಟಿದಾಗ ಅರವತ್ತು ಲಕ್ಷದ ಗಾಡಿಯಂತೆ.
ನನ್ನ ಕೈಗೆ ಬರುವಾಗ ಹದಿನಾಲ್ಕು.
ಹದಿನಾಲ್ಕಕ್ಕೆ ಕೊಟ್ಟವನು ಯಾಕೆ ಕೊಟ್ಟ ಅಂತ
ಕೇಳಬೇಕಿತ್ತು. ಕೇಳಲಿಲ್ಲ.
ಸೀಟಿನ ಚರ್ಮ ಸವರಿ ನೋಡುತ್ತಿದ್ದೆ.

ಜೆ.ಸಿ. ರೋಡಿನಿಂದ ಇನಾಯತ್ ಬಂದ.
ಬಗ್ಗಿದ, ಅಡಿಗೆ ಮಲಗಿದ, ಎದ್ದು ಕೈ ಒರೆಸಿಕೊಂಡ:
"ಅಣ್ಣಾ, ಇದು ನನ್ನ ಹತ್ರ ಮಾತಾಡಲ್ಲ.
ಅವರ ಕಂಪ್ಯೂಟರೇ ಬೇಕು ಇದಕ್ಕೆ."
ಚಹಾ ಕುಡಿದ. ದುಡ್ಡು ಮುಟ್ಟಲಿಲ್ಲ.

ಟೋ ಲಾರಿಯ ಮೇಲೆ ತುಮಕೂರು ರಸ್ತೆಗೆ ಮೆರವಣಿಗೆ.
ಯಶವಂತಪುರದ ಸಿಗ್ನಲ್ಲಿನಲ್ಲಿ ಆಟೋದವನು
ಇಣುಕಿ ಕೇಳಿದ, "ಏನ್ ಸಾರ್, ಹುಷಾರಿಲ್ವಾ?"

ಅಲ್ಲಿ ಗಾಜಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ.
ಕಾಫಿ ಪುಕ್ಕಟೆ, ಬಿಸ್ಕತ್ತು ಪುಕ್ಕಟೆ,
ಸೋಫಾದಲ್ಲಿ ಕೂತರೆ ಏಳಲು ಯಾರಾದರೂ ಕೈ ಹಿಡಿಯಬೇಕು.
ಎರಡೂವರೆ ಗಂಟೆ ಕೂತೆ.
"ಒಳಗೆ ಬಿಡಲ್ಲ ಸರ್, ಸೇಫ್ಟಿ."
ಐಸಿಯು ಮುಂದಿನ ನೆಂಟನ ಹಾಗೆ
ಬಾಗಿಲು ಆಡಿದಾಗೆಲ್ಲ ಕತ್ತು ಚಾಚುತ್ತಿದ್ದೆ.

ಕೊನೆಗೆ ಬಂದ ಹುಡುಗ ಟೈ ಕಟ್ಟಿದ್ದ.
ಎದೆಯ ಮೇಲೆ ಹೆಸರು: ನಿಶ್ಚಲ್.
ಗಾಡಿಗೂ ಇದನ್ನೇ ಇಡಬಹುದು ಅಂದುಕೊಂಡೆ.

ಎಸ್ಟಿಮೇಟು ಕೊಟ್ಟ.
ಮೊದಲು ಬೆರಳು ಓದಿತು, ಕಣ್ಣು ಆಮೇಲೆ.
ನೂರಾ ಮೂವತ್ತು ಜಿಎಸ್‌ಎಂ, ಮ್ಯಾಟ್ ಫಿನಿಶ್.
ಮೂವತ್ತು ವರ್ಷ ಮದುವೆ ಕಾಗದ ಅಚ್ಚು ಹಾಕಿದ ಕೈ ಇದು;
ಇಷ್ಟು ನುಣುಪಿನ ಮೇಲೆ
ಶುಭ ಬಿಟ್ಟು ಬೇರೇನೂ ಕೂತದ್ದು ಕಂಡಿರಲಿಲ್ಲ.

ಮೂರು ಲಕ್ಷದ ಎಂಬತ್ತನಾಲ್ಕು ಸಾವಿರ. ತೆರಿಗೆ ಬೇರೆ.

"ಎಡಗಡೆದು ಮಾತ್ರ ಹೋಗಿರೋದಲ್ವೇನಪ್ಪ?"
"ಜೋಡಿಯಾಗೇ ಹಾಕಬೇಕು ಸರ್.
ಒಂದೇ ಹಾಕಿದ್ರೆ ಇನ್ನೊಂದು ಒಪ್ಪಲ್ಲ."
"ಪಾರ್ಟು?"
"ಹಡಗಲ್ಲಿದೆ ಸರ್."
ಯಾವ ಹಡಗು, ಯಾವ ಸಮುದ್ರ,
ಅದೆಲ್ಲ ಸಿಸ್ಟಮ್ಮಿನಲ್ಲಿ ತೋರಿಸುವುದಿಲ್ಲ.
"ಕನ್ಸ್ಯೂಮಬಲ್ಸು ಸಾವಿರದ ಎಂಟುನೂರ ಐವತ್ತು, ಇದೇನು?"
ಮೂರು ಸಲ ಕೇಳಿದ ಮೇಲೆ, ಮೆಲ್ಲಗೆ:
"ಒರೆಸೋ ಬಟ್ಟೆ ಸರ್."

ಸಹಿ ಹಾಕಿದೆ. ಇನ್ನೇನು,
ಹೆಗಲ ಮೇಲೆ ಹೊತ್ತುಕೊಂಡು ಹೋಗಲೇ?

"ನಾಳೆ ಫೋನ್ ಬರುತ್ತೆ ಸರ್, ಹತ್ತಕ್ಕೆ ಹತ್ತು ಅಂದ್ಬಿಡಿ.
ಒಂಬತ್ತು ಅಂದ್ರೂ ನಮಗೆ ಸೊನ್ನೆ ಲೆಕ್ಕ."
ಟೈ ಸಡಿಲಿಸಿದ. ಕಾಲರಿನ ಹೊಲಿಗೆ ಬಿಟ್ಟಿತ್ತು.
ಅತ್ತಿತ್ತ ನೋಡಿ ದನಿ ಇಳಿಸಿದ:
"ನಿಮ್ಮದು ಪ್ರೆಸ್ ಅಂತಲ್ಲ ಸರ್.
ನಂದು ಮದುವೆ, ಕಾರ್ತಿಕದಲ್ಲಿ, ಮಾಗಡೀಲಿ.
ಮುನ್ನೂರು ಕಾರ್ಡಿಗೆ ಎಷ್ಟಾಗುತ್ತೆ?"

ಎಸ್ಟಿಮೇಟು ಮಗುಚಿ ಹಿಂದುಗಡೆ ಬರೆದೆ:
ಕಾಗದ. ಪ್ಲೇಟು. ಅಚ್ಚುಕೂಲಿ.
ಗಣಪತಿಗೆ ಚಿನ್ನದ ಫಾಯಿಲು.
'ಇತರೆ' ಅಂತ ಬರೆದು ಪೆನ್ನು ನಿಂತಿತು.
ಅಪ್ಪನ ಕಾಲದಿಂದಲೂ ನಮ್ಮ ಬಿಲ್ಲಿನಲ್ಲಿದೆ ಈ ಪದ.
ಯಾರೂ ಕೇಳಿಲ್ಲ. ಕೇಳಿದ್ದರೆ ನಾನೂ
ಒರೆಸುವ ಬಟ್ಟೆ ಅನ್ನಬೇಕಿತ್ತು.

"ಕವರು ಬೇಡ ಅಂದ್ರೆ ಕಡಿಮೆ ಆಗುತ್ತಾ ಸರ್?"
"ಜೋಡಿಯಾಗೇ ಬರೋದು ಕಣಯ್ಯ."
ಅವನು ನಗಲಿಲ್ಲ. ಬೆರಳಲ್ಲಿ ಎಣಿಸುತ್ತಿದ್ದ.

ನಾಗಸಂದ್ರದಲ್ಲಿ ಮೆಟ್ರೋ ಹತ್ತಿ
ಚಿಕ್ಕಪೇಟೆಯವರೆಗೂ ನಿಂತೇ ಬಂದೆ.
ಮೋರಿಯ ಪಕ್ಕ ನನ್ನ ಜಾಗದಲ್ಲಿ
ಆಗಲೇ ಯಾರದೋ ಸ್ಕೂಟರು, ನೆಟ್ಟಗೆ ನಿಂತಿತ್ತು.

"ಎಷ್ಟಂತೆ?" ಅಂದಳು ಪಂಕಜಾಕ್ಷಿ.
"ಹಡಗಲ್ಲಿದೆ" ಅಂದೆ.