ಸಾಲ ತಂದು ಕಳೆಯುವ ಲೆಕ್ಕ

ಕುಂಬಳೆ ಪೇಟೆ, ಬದಿಯಡ್ಕ ಬಸ್ಸು ತಿರುಗುವಲ್ಲಿ
ಮೊಬೈಲಂಗಡಿಯ ಮಾಳಿಗೆಗೆ ಹದಿನಾಲ್ಕು ಮೆಟ್ಟಿಲು.
ಗಾಜಿನ ತೂತಿನ ಹಿಂದೆ ನಾನು, ಮುನೀರ್,
ದಿರ್ಹಮು, ರಿಯಾಲು, ಡಾಲರುಗಳನ್ನು
ರೂಪಾಯಿ ಮಾಡಿ ಕೊಡುವವನು.

ಏಳನೇ ತಾರೀಕಿನ ಆಚೀಚೆ ಐತ್ತಪ್ಪಣ್ಣ ಬರುತ್ತಾರೆ,
ಜೀಪನ್ನು ಸ್ಟಾರ್ಟಿನಲ್ಲೇ ಬಿಟ್ಟು.
"ಟೀಚರ್ದು ಬಂತಾ ಮಾರಾಯ?"
ಕಟ್ಟಿಕೊಂಡ ಹೆಂಡತಿಯನ್ನು ಅವರೂ ಟೀಚರ್ ಎನ್ನುತ್ತಾರೆ.

ಜಲಜಾಕ್ಷಿ ಟೀಚರ್.
ಮೂರನೇ ಕ್ಲಾಸಿನಲ್ಲಿ ನನಗೆ ಕಳೆಯಲು ಕಲಿಸಿದವರು:
ಸೊನ್ನೆಯಿಂದ ಏಳು ಹೋಗುವುದಿಲ್ಲ ಅಲ್ವಾ,
ಪಕ್ಕದ ಮನೆಗೆ ಹೋಗು, ಒಂದು ಸಾಲ ಕೇಳು,
ಕೊಟ್ಟವನ ತಲೆಮೇಲೆ ಗೀಟು ಹಾಕಲು ಮರೆಯಬೇಡ.

ಆಗ ಅವರಿಗೆ ದಿನಗೂಲಿ.
ಜೋರು ಮಳೆ, ಕಲೆಕ್ಟರು ರಜೆ ಸಾರಿದರೆಂದರೆ
ನಾವು ಬೆಂಚಿನ ಮೇಲೆ ಕುಣಿಯುತ್ತಿದ್ದೆವು;
ಅವರು ಚೀಲದಿಂದ ಡೈರಿ ತೆಗೆದು
ಒಂದು ದಿನ ಹೊಡೆದುಹಾಕುತ್ತಿದ್ದರು.
ಖಾಯಂ ಹುದ್ದೆಗೆ ತೆಂಕಣಿಂದ ಮಾಷ್ಟ್ರೊಬ್ಬರು ಬಂದರು.
ಒಳ್ಳೆಯವರೇ, ಕನ್ನಡ ಮಾತ್ರ ಬಾರದು.
ತಮ್ಮನ ಕ್ಲಾಸಿನಲ್ಲಿ ತ್ರಿಕೋನ ಬರೆದು
ಅದರ ಹೆಸರನ್ನು ಮಕ್ಕಳಲ್ಲೇ ಕೇಳುತ್ತಿದ್ದರಂತೆ.
ಟೀಚರ್ ಎರಡು ಬಳೆ ಅಡವಿಟ್ಟು ಏಜೆಂಟನಿಗೆ ಕೊಟ್ಟು
ಮಾಲ್ದೀವಿಗೆ ಹೋದರು.
ತ್ರಿಕೋನಕ್ಕೆ ಅಲ್ಲಿ ಏನನ್ನುತ್ತಾರೋ,
ಅವರೂ ಮಕ್ಕಳಲ್ಲೇ ಕೇಳಿರಬೇಕು.

ಅವರ ಕಾಗದ ನನಗೆ ಬರುವುದಿಲ್ಲ, ಮೊತ್ತ ಬರುತ್ತದೆ.
ಮೊತ್ತ ಓದುವುದು ಕಲಿತೆ.
ನಾಲ್ಕು ಸಾವಿರ ಕಮ್ಮಿ: ಬಾಡಿಗೆ ಏರಿದೆ,
ಒಂದೇ ಕೋಣೆ, ಜೊತೆಗೆ ತಿರುನೆಲ್ವೇಲಿಯ ಸಯನ್ಸ್ ಟೀಚರ್,
ಆಕೆಗೆ ರಾತ್ರಿಯಿಡೀ ಏಸಿ ಬೇಕು, ಬಿಲ್ಲು ಅರ್ಧರ್ಧ.
ಹತ್ತು ದಿನ ತಡ: ಬ್ಯಾಂಕಿನಲ್ಲಿ ಡಾಲರು ಮುಗಿದಿದೆ.
ರುಫಿಯಾ ಕಂತೆ ಹಿಡಿದು ಸಾಲಿನಲ್ಲಿ ನಿಂತರೇನು,
ಸಮುದ್ರ ದಾಟುವ ನೋಟಲ್ಲ ಅದು.
ಒಮ್ಮೆ ಅರ್ಧಕ್ಕರ್ಧ ಬಂತು.
"ಹಲ್ಲು," ಎಂದರು ಐತ್ತಪ್ಪಣ್ಣ.
"ಅಲ್ಲಿ ಕೀಳಿಸುವ ದುಡ್ಡಿಗೆ
ಇಲ್ಲಿಗೆ ಬಂದು ಕೀಳಿಸಿ ಹೋಗಬಹುದಿತ್ತು. ರಜೆ ಇಲ್ಲ."
ಟೊಮೆಟೊ ದೋಣಿಯಲ್ಲಿ ಬರಬೇಕು. ಬಸಳೆಯ ಮಾತೇ ಬೇಡ.
ಕುಡಿಯುವ ನೀರಿಗೂ ಬಾಟಲಿ ಲೆಕ್ಕ,
ಕಿಟಕಿ ತೆರೆದರೆ ಬರೀ ನೀರು.

ಇಲ್ಲಿ ವಾರ್ಷಿಕೋತ್ಸವದ ರಶೀದಿ ಪುಸ್ತಕದವರು
ಅವರ ಮನೆಯ ಹೆಸರಿಗೆ ಮೊದಲೇ
ಹತ್ತು ಸಾವಿರ ಬರೆದಿಟ್ಟುಕೊಂಡು ಬರುತ್ತಾರೆ.
ಫಾರಿನ್ನಿನವರಲ್ಲವಾ.

ಡಿಸೆಂಬರಿನಲ್ಲಿ ಮೆಟ್ಟಿಲ ಮೇಲೆ ಅವರದೇ ಹೆಜ್ಜೆ.
ಗೊತ್ತಾಯಿತು, ಎದ್ದು ನಿಂತೆ, ಕುರ್ಚಿ ಬಿತ್ತು.
ಕಪ್ಪಾಗಿದ್ದಾರೆ. ಬಲಗೆನ್ನೆ ಸ್ವಲ್ಪ ಒಳಗೆ.
ಕೌಂಟರಿನ ಮೇಲೆ ಚೀಟಿಗಳ ಕಟ್ಟು ಬಿಚ್ಚಿದರು.
"ಮುನೀರ್, ಹದಿನೇಳರಲ್ಲಿ ತಪ್ಪುಂಟು.
ಕಮಿಷನ್ ಜಾಗದಲ್ಲಿ ಸೊನ್ನೆ ಬರೆದಿದ್ದಿ.
ನಿನ್ನ ಧಣಿ ಸುಮ್ಮನೆ ಬಿಟ್ಟರಾ?"

ಏನು ಹೇಳಲಿ. ಮಳೆಗಾಲದ ತಿಂಗಳುಗಳು ಅವು,
ಆಗಿನ ರಜೆಗಳು ನೆನಪಾಗಿ,
ನನ್ನ ಜೇಬಿನಿಂದ ಹಾಕಿದ್ದೆ.
"ಪಕ್ಕದ ಮನೆಯಿಂದ ಸಾಲ ತಂದೆ, ಟೀಚರ್."

ನಗಲಿಲ್ಲ. ಹದಿನೇಳು ತೊಂಬತ್ತಲೆ,
ನನ್ನ ಬೆರಳು ಕ್ಯಾಲ್ಕ್ಯುಲೇಟರಿಗೆ ಮುಟ್ಟುವ ಮೊದಲು
ಸಾವಿರದ ಐನೂರ ಮೂವತ್ತು ರೂಪಾಯಿ
ಗಾಜಿನ ತೂತಿನಿಂದ ಒಳಗೆ ಬಂತು.
ಹಿಂದೆಯೇ ಕೆಂಪು ಪೆನ್ನು.
"ಗೀಟು ಹಾಕಿರಲಿಲ್ಲ ನೀನು. ಹಾಕು,
ಒಂದೊಂದಕ್ಕೂ."

ಹಾಕಿದೆ, ಹದಿನೇಳು.
ಕೊನೆಗೆ ಐವತ್ತು ರುಫಿಯಾದ ನೋಟೊಂದನ್ನು ದೂಡಿ ಕೇಳಿದರು,
"ಇದಕ್ಕೆಷ್ಟು ಬರ್ತದೆ?"
"ಇದನ್ನು ನಾವು ತೆಗೆದುಕೊಳ್ಳುವುದಿಲ್ಲ, ಟೀಚರ್."
ಗೊತ್ತಿತ್ತು ಅವರಿಗೆ. ನೋಟನ್ನು ಮಡಚಿ
ಡೈರಿಯಲ್ಲಿ, ಜನವರಿ ಒಂಬತ್ತರ ಪುಟದಲ್ಲಿ,
ವಾಪಸು ಟಿಕೇಟಿನ ಜೊತೆ ಇಟ್ಟರು.

ಕೆಳಗೆ ಐತ್ತಪ್ಪಣ್ಣ ಹಾರ್ನ್ ಹೊಡೆದರು.
ಡೀಸೆಲ್ಲು ಉರಿಯುತ್ತಿತ್ತು.