ಬಾಡಿಗಿ ಕೊಡದಾಕಿ

ಬೆಟಗೇರಿ ನೀಲಗಂಗವ್ವ ರಿಪೇರಿಗೆ ತಂದಿಟ್ಟ
ಗ್ವಾಡಿ ಗಡಿಯಾರದ ಬೆನ್ನು ಬಿಚ್ಚಿದರ
ಒಳಗೊಬ್ಬಾಕಿ.
ಹೆಸರುಕಾಳಿನಷ್ಟು ಮೈ, ಕರೀ ಮಕಮಲ್ಲು,
ಮಾರಿ ತುಂಬ ಕಣ್ಣು,
ಸಾಲದ್ದಕ್ಕ ನೆತ್ತಿ ಮ್ಯಾಲ ಮತ್ತ ನಾಕು.
ನಾ ಭೂತಗನ್ನಡಿ ಏರಿಸಿ ಬಗ್ಗಿದೆ.
ಆಕಿ ಸರೀಲಿಲ್ಲ. ಮಾರಿ ಎತ್ತಿ ನೋಡಿದ್ಲು,
ಗಡಿಯಾರ ನಿಂತದ್ದು ನನ್ನಿಂದನ ಅನ್ನೂ ಹಂಗ.

ಮಾರ್ಚಿನ ಮಾತು ಅದು.
ವಾಚಿನ ಹಳೇ ಡಬ್ಬಿಗೆ ಕಾದ ಸೂಜಿಲೆ ಆರು ತೂತು ಚುಚ್ಚಿ
ಒಳಗೊಂದು ಒಣಾ ಕಡ್ಡಿ ನಿಲ್ಲಿಸಿ ಮನಿ ಮಾಡಿಕೊಟ್ಟೆ.
ಊಟಕ್ಕ ಬಾಳೆಸಿಪ್ಪಿಗೆ ಮುತ್ತೂ ನುಸಿ.
ಬಲಿ ಕಟ್ಟಾಕಿ ಅಲ್ಲ ಈಕಿ, ಜಿಗಿಯಾಕಿ.
ಗುರಿ ಹಿಡದು, ಹಿಂಗಾಲು ಒತ್ತಿ
ಟಕ್ ಅನ್ನೂದರಾಗ ಮುಗೀತು.

ಈಗ ಮೇ.
ಕಪ್ಪತಗುಡ್ಡದ ಗಾಳಿಪಂಖಗಳೂ
ಮೂರು ಕೈ ಚಾಚಿ ಸುಮ್ಮ ನಿಂತಾವ.
ಗದಗಿನ ಬಿಸಲು ನನಗ ಪೇಪರಿನ್ಯಾಗ ಗೊತ್ತಾಗೂದಲ್ಲ,
ಕೂದಲೆಳಿ ಸ್ಪ್ರಿಂಗು ಮೆತ್ತಗಾಗಿ
ಹಳೇ ವಾಚು ಒಂದೊಂದ ಹಿಂದ ಬೀಳತಾವ.
ಎಣ್ಣಿ ತೆಳುವಾಗಿ ಹಲ್ಲು ಬಿಟ್ಟು ಹರೀತೈತಿ.

ಮೊದಲ ದಿನ ತಪ್ಪು ಮಾಡಿದೆ.
ಪ್ರೀತಿ ಹೆಚ್ಚಾಗಿ ಡಬ್ಬಿ ಒಯ್ದು ಫ್ಯಾನಿನ ಮುಂದಿಟ್ಟೆ.
ಮಧ್ಯಾಹ್ನಕ್ಕ ಹೊಟ್ಟಿ ಒಣದ್ರಾಕ್ಷಿ, ಕಾಲು ಒಳಗ ಮಡಚಿ...
ಎದಿ ಝಲ್ ಅಂತು.
ಎಣ್ಣಿ ಬಿಡೂ ಸೂಜಿ ತೊಳದೆ, ಒರಸಿದೆ, ಮತ್ತ ತೊಳದೆ,
ತುದಿಗೆ ನೀರಿನ ಒಂದು ಹನಿ ಹಿಡಿದೆ.
ನಡಗದ ಕೈ ಅಂತ ಪ್ಯಾಟ್ಯಾಗ ಹೆಸರಿದ್ದ ಕೈ
ಅವತ್ತು ನಡಗಿತು.
ಬಂದ್ಲು.
ಮಾರಿ ಮುಂದಿನ ಎರಡು ಪುಟ್ಟ ಕೈ ಹಚ್ಚಿ
ಹನಿ ಸಣ್ಣಾಗೂತನಕ ಬಿಡಲಿಲ್ಲ.

ಆಮ್ಯಾಲ ಡಬ್ಬಿ ಕಪಾಟಿನಿಂದ ನೆಲಕ್ಕ ಇಳೀತು,
ಮಣ್ಣಿನ ಕೊಡದ ಮಗ್ಗಲಕ್ಕ.
ಪತ್ರಾಸಿನ ಕಾವು ಮ್ಯಾಲ, ತಂಪು ಕೆಳಗ,
ಅರವತ್ತರಾಗ ನನಗ ತಿಳಿದ ಹೊಸಾ ಮಾತು.
ಸುತ್ತ ಒದ್ದಿ ಅರಿವಿ, ತೂತು ಮುಚ್ಚದ ಹಂಗ.
ಬೆಳಿಗ್ಗೆ ಗೋಡೆಗೊಂದು ಹನಿ, ಸಂಜೀಗೊಂದು ಹನಿ,
ಕೆರಿ ಮಾಡಬಾರದು, ಬೂಸಲು ಹಿಡೀತೈತಿ.
ಐಸ್‌ಕ್ಯಾಂಡಿ ಮಾರೂ ಹುಡುಗ ಒಂದು ತುಂಡು ಬರ್ಫ ತಂದು
“ಇದರ ಮ್ಯಾಲ ಕೂಡ್ರಸು ಮೌಲಾಲಿ ಕಾಕಾ” ಅಂದ.
“ಬ್ಯಾಡೋ, ಕಾದ ಗಾಜಿಗೆ ತಣ್ಣೀರು ಹೊಯ್ದರ ಏನಾಗತೈತಿ?”
ಬರ್ಫ ನಾನ ತಿಂದೆ.

ಮ್ಯಾಲಿನ ಮೂಲ್ಯಾಗ ಬೆಳ್ಳನ ಚೀಲ ಕಟ್ಟಿ
ಒಳಗ ಹೊಕ್ಕಾಕಿ ನಾಕು ದಿನ ಹೊರಗ ಬರಲಿಲ್ಲ.
ಐದನೇ ದಿನ ನೀಲಗಂಗವ್ವ ಬಂದ್ಲು, ಗಡಿಯಾರ ಒಯ್ಯಾಕ.
ನಾ ಎಲ್ಲಾ ಹೇಳಿದೆ.
“ನೇಯಾಕ ಬರದಾಕಿ
ನಮ್ಮ ಓಣ್ಯಾಗ ಯಾಕ ಇದ್ಲೋ?” ಅಂತ ನಕ್ಕು
ಡಬ್ಬಿ ಬೆಳಕಿಗೆ ಹಿಡದ್ಲು.
ಭೂತಗನ್ನಡಿ ಕೊಡಾಕ ಹ್ವಾದೆ, ಬ್ಯಾಡ ಅಂದ್ಲು.
ಎಷ್ಟೋ ಹೊತ್ತು ಮಾತಿಲ್ಲ.
“ಈ ಎಳಿ ಎಷ್ಟನೇ ಕೌಂಟಿಂದು, ಮೌಲಾಲಿ?
ನಮ್ಮ ಮಗ್ಗಕ್ಕ ಇಂಥಾದ್ದು ಬಂದಿಲ್ಲ.”

“ಸತ್ತಾಳೋ ಏನೋ, ಹರದು ನೋಡಲೇನ?”
ಕೈ ಮ್ಯಾಲ ಹೊಡದ್ಲು, ಖರೇನ ಹೊಡದ್ಲು.
“ಮಗ್ಗದ ಮ್ಯಾಲ ಸೀರಿ ಇದ್ದಾಗ ಕತ್ತರಿ ಹಾಕ್ತಾರೇನು?
ಒಳಗ ಕೆಲಸ ನಡದೈತಿ.”
ಮರುದಿನ ಹಾಸಿನ ತುದಿಗೆ ಉಳಿದ ಹತ್ತಿ ಅರಿವಿ ತುಂಡು ಕಳಿಸಿದ್ಲು,
ನನ್ನ ಚಾದರಿನ ತುಂಡು ಭಾಳ ದಪ್ಪ ಆತಂತ.

ಏಳನೇ ದಿನ ಕರೆಂಟು ಹೋದ ಹೊತ್ತಿನ್ಯಾಗ
ಚೀಲದ ಬಾಯಿಗೆ ಒಂದು ಖಾಲಿ ಅಂಗಿ ತೂಗತಿತ್ತು,
ಎಂಟೂ ತೋಳು ಹಂಗ ಇದ್ದವು.
ಕಡ್ಡಿ ತುದಿಗೆ ಆಕಿ, ಚೂರು ದೊಡ್ಡಾಕಿ,
ಇನ್ನೂ ಹಸೀ ಕಾಲು.
ಊಟ ಕೊಡಲಿಲ್ಲ. ಒಂದು ಹನಿ ಇಟ್ಟು ಸರದೆ.

ನೀಲಗಂಗವ್ವ ಗಡಿಯಾರ ಒಯ್ದಿಲ್ಲ ಇನ್ನೂ.
“ಮಳಿ ಬೀಳಲಿ, ನಮ್ಮಲ್ಲೂ ಪತ್ರಾಸ” ಅಂದಾಳ.
ಬಾಡಿಗಿ ಯಾರು ಕೊಡಬೇಕು, ಕೇಳಿಲ್ಲ ನಾ.
ಗಿರಾಕಿ ಬಂದು ಖಾಲಿ ಕುರ್ಚಿ ನೋಡಿ ಕೂಗತಾರ.
ಇಲ್ಲೇ ಅದೀನ್ರಿ,
ಕೆಳಗ,
ಕೊಡದ ಮಗ್ಗಲಕ್ಕ.